ಅರ್ಧ ಸುತ್ತು

“ಆರಿದ ಒಲಿ ಮುಂದ ಎಲಿ ಹಾಕಬ್ಯಾಡ್ರಪಾ, ಅನ್ನ ತಣ್ಣಗಾಗ್ತೈತಿ. ಮೊದ್ಲ ನಮ್ಮ ಗಾಳಿ ಅಳಿಯಂಗ ಹಾಕ್ರಿ.”

ಅಮರಪ್ಪ ಇದನ್ನು ಮೆಲ್ಲಗೆ ಹೇಳಲಿಲ್ಲ. ಬಸುರಿ ಕಿರಿಮಗಳ ಕುಬಸಕ್ಕೆ ಬಂದು ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳಲಿ ಎಂದೇ ಹೇಳಿದ. ಹಪ್ಪಳ ಮುರಿದಂತೆ ಅಲ್ಲೊಂದು ಇಲ್ಲೊಂದು ನಗೆ ಚಟ್ಟೆಂದು, ಆಮೇಲೆ ಇಡೀ ಸಾಲೇ ನಕ್ಕಿತು.

ಪಂಕ್ತಿಯ ಮೊದಲ ಜಾಗದಲ್ಲಿ ಕೂತಿದ್ದವನು ಹಿರಿ ಅಳಿಯ ತಾಯಪ್ಪ. ಎಲೆ ಬಂದೇ ಬರುತ್ತದೆಂದು ಅದಕ್ಕೆ ಚಿಮುಕಿಸಲು ಅಂಗೈಯಲ್ಲಿ ನೀರು ಹಿಡಿದುಕೊಂಡಿದ್ದ. ಬಾಳೆ ಎಲೆ ಅವನ ತಲೆಯ ಮೇಲಿಂದ ಹಾದು ಪಕ್ಕದಲ್ಲಿದ್ದ ಕಿರಿ ಅಳಿಯ ಗವಿಸಿದ್ಧನ ಮುಂದೆ ಹೋಗಿ ಕೂತಿತು. ನೀರು ಬೆರಳ ಸಂದಿಯಿಂದ ಸೋರಿ ಪ್ಯಾಂಟು ತೋಯಿಸಿತು.

ಆ ಮನೆಯಲ್ಲಿ ಮೊದಲ ಎಲೆ ಹಿರಿ ಅಳಿಯನದು. ಸಾವಿರಲಿ, ಮದುವೆಯಿರಲಿ, ಸುಮ್ಮನೆ ಒಂದು ಹೋಳಿಗೆ ಊಟವಿರಲಿ, ಅವನಿಗೆ ಬಡಿಸದೆ ಉಳಿದವರಿಗೆ ಬಡಿಸಿದ್ದಿಲ್ಲ. ಕಲ್ಲಿದ್ದಲ ಯಾರ್ಡಿನಲ್ಲೇ ದುಡಿದು ನಿವೃತ್ತನಾದ ಮಾವ, ಕೆಮ್ಮಿದರೆ ಈಗಲೂ ಕರಿ ಕಫ ಬೀಳುವ ಮಾವ, ಇವತ್ತು ಅದನ್ನು ಒಂದು ನಗೆಗೆ ಮಾರಿಬಿಟ್ಟಿದ್ದ.

“ಏ ಮಾವಾರ, ಅಣ್ಣ ಕುಂತಾನಲ್ರೀ ಇಲ್ಲೆ,” ಎಂದು ಗವಿಸಿದ್ಧ ತನ್ನ ಎಲೆಯನ್ನು ಎರಡು ಕೈಯಿಂದಲೂ ಎತ್ತಿ ತಾಯಪ್ಪನ ಮುಂದೆ ಸರಿಸಿದ. “ತಗೋ ಅಣ್ಣಾ. ನಂಗ ಇನ್ನೊಂದು ಬರ್ತೈತಿ.”

ಅವನೂ ಎಲ್ಲರ ಜೊತೆ ನಕ್ಕಿದ್ದರೆ ತಾಯಪ್ಪ ಎದ್ದು ಒಂದು ಕೊಡುತ್ತಿದ್ದ, ಮನಸ್ಸು ಹಗುರಾಗುತ್ತಿತ್ತು. ಆದರೆ ಷಡ್ಡಕ ನಗಲಿಲ್ಲ. ಬಿಟ್ಟುಕೊಟ್ಟ. ತನ್ನದೇ ಎಲೆಯನ್ನು ಇನ್ನೊಬ್ಬನ ಕೈಯಿಂದ ದಾನ ತಗೊಂಡಂತೆ ತಗೊಂಡು ತಾಯಪ್ಪ ಉಂಡ. ಏನು ಉಂಡನೋ ನಾಲಿಗೆಗೆ ತಿಳಿಯಲಿಲ್ಲ.

ಅವರ ಊರು ಕರೆಗುಂಡಿಯಲ್ಲಿ ಆಗ ಕೂಸಿನಿಂದ ಮುದುಕರವರೆಗೆ ಎಲ್ಲರ ಬದುಕೂ ಗಾಳಿಯ ಕೈಯಲ್ಲಿತ್ತು. ಪ್ರತಿ ಮನೆಯ ಮೀಟರಿನ ಮೇಲೆ ಒಂದು ಪುಟ್ಟ ಗಾಳಿದೀಪ. ಹಸಿರು ಉರಿದರೆ ದೇಶದಲ್ಲಿ ಎಲ್ಲೋ ಗಾಳಿ ಭರ್ಜರಿ ಬೀಸುತ್ತಿದೆ, ಏನು ಬೇಕಾದರೂ ಹಚ್ಚಿಕೊಳ್ಳಿ. ಹಳದಿಯಾದರೆ ದೀಪ, ಫ್ಯಾನು ಅಷ್ಟೇ. ಕೆಂಪಾದರೆ ಒಂದೇ ಬಲ್ಬು. ಹಿಟ್ಟಿನ ಗಿರಣಿ ಹಸಿರಿಗೆ ತೆರೆದು ಕೆಂಪಿಗೆ ಮುಚ್ಚುತ್ತಿತ್ತು. ಇಸ್ತ್ರಿ ಅಂಗಡಿಯ ಮಹಿಬೂಬ ಕೆಂಪು ಕಂಡ ಕೂಡಲೇ ಬಾಗಿಲ ಮುಂದೆ ಹೊರಸು ಹಾಕಿ ಮಲಗುತ್ತಿದ್ದ. ಎಬ್ಬಿಸಿದರೆ “ನಂದೂ ಕೆಂಪಾಗೈತಿ” ಎನ್ನುತ್ತಿದ್ದ. ಹೆಂಗಸರು ಹಿಟ್ಟು ರುಬ್ಬುವುದು, ನೀರು ಏರಿಸುವುದು, ಬಟ್ಟೆ ಒಗೆಯುವುದು ಎಲ್ಲಕ್ಕೂ ದೀಪದ ಕಡೆ ಕಣ್ಣಿಟ್ಟು ಕಾಯುತ್ತಿದ್ದರು. ಬೈದುಕೊಳ್ಳುತ್ತಲೇ ರೂಢಿ ಮಾಡಿಕೊಂಡಿದ್ದರು.

ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳು ಒಂದೊಂದಾಗಿ ಆರಿ, ಇಡೀ ದೇಶದಲ್ಲಿ ಉಳಿದದ್ದು ಕರೆಗುಂಡಿಯ ಥರ್ಮಲ್ ಒಂದೇ. ಅದರ ಕೊನೆಯ ಘಟಕದ ಟರ್ಬೈನ್ ಕಟ್ಟೆಯ ಮೇಲೆ ತಾಯಪ್ಪನ ಕೆಲಸ. ಇನ್ನೊಂದು ವಾರಕ್ಕೆ ಅದೂ ಆರುವುದಿತ್ತು.

ಮನೆಗೆ ಬಂದಾಗ ಹೆಂಡತಿ ಹುಲಿಗೆಮ್ಮ ತವರಿನಿಂದ ತಂದ ಬುತ್ತಿ ಬಿಚ್ಚಿದಳು.

“ಅಪ್ಪ ಚಾಷ್ಟಿ ಮಾಡ್ಯಾನ. ಅದನ್ನ ಹಿಡ್ಕೊಂಡು ಕುಂದರಬ್ಯಾಡ್ರಿ.”

“ಚಾಷ್ಟಿ ನನ್ನ ಮ್ಯಾಲೆ ಅಷ್ಟೇ ಬರ್ತೈತೇನು? ಅವನ ಮ್ಯಾಲೆ ಯಾಕ ಬರಂಗಿಲ್ಲ?”

“ಗವಿಸಿದ್ಧಪ್ಪ ಏನ್ ಮಾಡ್ಯಾನ್ರೀ ನಿಮಗ? ಎಲಿ ಕೊಟ್ಟ.”

“ಅದ. ಅದನ್ನ ಮಾಡ್ಯಾನ.”

ಅವಳಿಗೆ ಅರ್ಥವಾಗಲಿಲ್ಲ. ಮೀಟರಿನ ಮೇಲೆ ಹಳದಿ ಹೋಗಿ ಹಸಿರು ಬಂತು. ಹುಲಿಗೆಮ್ಮ ಮಾತು ಬಿಟ್ಟು ಜೋಳದ ಡಬ್ಬಿ ಎತ್ತಿಕೊಂಡು ಗಿರಣಿಗೆ ಓಡಿದಳು. ಹೊಸ್ತಿಲು ದಾಟುತ್ತಾ, “ಮೂರು ಗಂಟೆ ಮ್ಯಾಲೆ ಹಸಿರು ಬರ್ತೈತಂತ ಗವಿಸಿದ್ಧಪ್ಪ ಹೇಳಿದ್ದ ನೋಡ್ರಿ. ಬಾಯಿ ಮಾತು ಸುಳ್ಳಾಗಂಗಿಲ್ಲ ಪುಣ್ಯಾತ್ಮಂದು,” ಎಂದಳು.

ತಾಯಪ್ಪ ಹಸಿರು ದೀಪವನ್ನು ನೋಡುತ್ತಾ ಕೂತ. ತನ್ನ ಮನೆಯ ಗೋಡೆಯ ಮೇಲೆ ಷಡ್ಡಕನೇ ಒಂದು ಕಣ್ಣು ತೆರೆದು ಕೂತಂತೆ ಅವನಿಗೆ ಕಂಡಿತು.

ಈ ಗವಿಸಿದ್ಧನನ್ನು ಥರ್ಮಲ್‌ಗೆ ಕರೆತಂದವನು ಯಾರು? ತಾಯಪ್ಪನೇ. ಇಬ್ಬರೂ ಒಂಬತ್ತನೇ ಇಯತ್ತೆಯಲ್ಲಿ ಒಂದೇ ದಿನ ಸಾಲೆ ಬಿಟ್ಟವರು. ಮಾಸ್ತರ ತಾಯಪ್ಪನ ಕಪಾಳಕ್ಕೆ ಹೊಡೆದ, ತಾಯಪ್ಪ ಎದ್ದು ಹೊರಟ, ಗವಿಸಿದ್ಧ ಯಾರೂ ಹೊಡೆಯದಿದ್ದರೂ ಗೆಳೆಯನ ಹಿಂದೆ ಹೊರಟ. ಇಬ್ಬರೂ ಗುತ್ತಿಗೆಯವನ ಕೈಕೆಳಗೆ ಹಾರುಬೂದಿ ಬಳಿದರು. ಮೊದಲು ಟರ್ಬೈನ್ ಕಟ್ಟೆ ಹತ್ತಿದವನು ತಾಯಪ್ಪ. ಗೆಳೆಯನ ಕೈ ಹಿಡಿದು ಮೇಲೆ ಎಳೆದುಕೊಂಡವನೂ ಅವನೇ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಬೇರಿಂಗಿಗೂ ಹಿಡಿಯನ್ನು ಕಿವಿಗೂ ಒತ್ತಿ, ಒಳಗೆ ತಿರುಗುವ ಶಾಫ್ಟು ಸುಖವಾಗಿದೆಯೋ ನರಳುತ್ತಿದೆಯೋ ಕೇಳುವುದನ್ನು ಕಲಿಸಿದ. ಹೆಂಡತಿಯ ತಂಗಿಯನ್ನೂ ಕೊಡಿಸಿದ. ಆಮೇಲೆ ಗಾಳಿಯಂತ್ರದ ತರಬೇತಿಗೆ ಕರೆ ಬಂದಾಗ ತಾಯಪ್ಪ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ, “ಪಂಖಾ ಒರಸೂ ಕೆಲಸಕ್ಕ ಯಾವ ಗಂಡಸು ಹೋಗ್ತಾನಲೇ,” ಎಂದು ನಕ್ಕ. ಗವಿಸಿದ್ಧ ತರಬೇತಿಗೆ ಹೋದ.

ಈಗ ಅವನು ಗುಡ್ಡದ ಮೇಲಿನ ಗಾಳಿ ನಿಯಂತ್ರಣ ಕೋಣೆಯಲ್ಲಿ ಒಂದು ಪಾಳಿಯ ಮುಖ್ಯಸ್ಥ. ಅಷ್ಟೇ ಆಗಿದ್ದರೆ ತಾಯಪ್ಪ ಹೇಗೋ ನುಂಗುತ್ತಿದ್ದ. ಆದರೆ ಗಾಳಿಯವರಿಗೆ ಈಗ ತಾಯಪ್ಪನ ಶಾಫ್ಟೂ ಬೇಕಾಗಿತ್ತು.

ಅದನ್ನು ವಿವರಿಸಲು ವಿದ್ಯುತ್ ಜಾಲದ ಮುಖ್ಯ ಎಂಜಿನಿಯರು ವಾರಿಜಾ ಮೇಡಂ ಬೆಂಗಳೂರಿನಿಂದ ಬಂದಿದ್ದರು. ಥರ್ಮಲ್‌ನ ನಿಯಂತ್ರಣ ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿ, ದೊಡ್ಡ ಪರದೆಯ ಮೇಲೆ ದೇಶದ ನಕ್ಷೆ ಹಾಕಿದರು. ಕಡಲ ದಂಡೆ, ಘಟ್ಟದ ಬಾಯಿ, ಮರುಭೂಮಿ, ಎಲ್ಲೆಲ್ಲಿ ಗಾಳಿಯಂತ್ರಗಳಿವೆಯೋ ಅಲ್ಲೆಲ್ಲ ಹಸಿರು ಚುಕ್ಕೆ.

“ಗಾಳಿಗೆ ಬಲ ಇದೆ, ಭಾರ ಇಲ್ಲ,” ಎಂದರು. “ಬೀಸುವ ಕಲ್ಲು ನೋಡಿದೀರಲ್ಲ? ಕೈ ಒಂದು ಕ್ಷಣ ತಪ್ಪಿದರೂ ಕಲ್ಲು ತಿರುಗ್ತಾನೇ ಇರುತ್ತೆ, ಯಾಕಂದ್ರೆ ಅದಕ್ಕೆ ತೂಕ ಇದೆ. ನಿಮ್ಮ ಟರ್ಬೈನಿನ ಶಾಫ್ಟು ಅಂಥ ಕಲ್ಲು. ಗಾಳಿಯಂತ್ರದ ಕರೆಂಟು ಎಲೆಕ್ಟ್ರಾನಿಕ್ ಪೆಟ್ಟಿಗೆ ಮೂಲಕ ಬರುತ್ತೆ. ಅದರಲ್ಲಿ ಕಲ್ಲಿಲ್ಲ. ಗಾಳಿ ಒಂದು ಕ್ಷಣ ತಡವರಿಸಿದರೂ ಇಡೀ ಜಾಲ ಎಡವುತ್ತೆ. ಅದಕ್ಕೇ ಹಳೆ ಶಾಫ್ಟುಗಳನ್ನ ಬೆಂಕಿ ಇಲ್ಲದೆ, ಉಗಿ ಇಲ್ಲದೆ ತಿರುಗಿಸ್ತಾ ಇಡ್ತೀವಿ. ಸುತ್ತಲಿನ ಗಾಳಿಯನ್ನೆಲ್ಲ ಹೀರಿ ತೆಗೆದ ಕವಚದೊಳಗೆ, ಅದೇ ವೇಗದಲ್ಲಿ. ಈ ಭಾಗಕ್ಕೆಲ್ಲ ಸೇರಿ ಉಳಿದಿರೋ ಭಾರ ಇದೊಂದೇ. ಇದು ಸಿಗದಿದ್ರೆ ಕರೆಗುಂಡಿಯ ದೀಪ ಬೇಸಿಗೆ ಪೂರ್ತಿ ಕೆಂಪೇ.”

“ತಿರುಗಿಸೋದು ಯಾರು?” ತಾಯಪ್ಪ ಕೇಳಿದ. ಅವನು ಸಭೆಯಲ್ಲಿ ಬಾಯಿ ಬಿಟ್ಟಿದ್ದು ಅದೇ ಮೊದಲು.

“ಗಾಳಿ,” ಎಂದರು ಮೇಡಂ. “ಗಾಳಿಯ ಕರೆಂಟಿನಿಂದಲೇ ತಿರುಗುತ್ತೆ. ಗವಿಸಿದ್ಧ ಅವರ ಕೋಣೆಯಿಂದಲೇ ನೋಡ್ಕೋತಾರೆ.”

ಇಷ್ಟು ವರ್ಷ ತಾಯಪ್ಪ ಅದಕ್ಕೆ ಉಗಿ ಉಣಿಸಿದ್ದ, ಎಣ್ಣೆ ಕುಡಿಸಿದ್ದ. ಅದರ ಜ್ವರ ನೋಡಿದ್ದ, ಅದರ ನಡುಕ ನೋಡಿದ್ದ. ಮದುವೆಯ ಮರುದಿನವೂ ಪಾಳಿಗೆ ಬಂದು ಸ್ಕ್ರೂಡ್ರೈವರು ಕಿವಿಗಿಟ್ಟು ಅದರ ಮಾತು ಕೇಳಿದ್ದ. ಅದು ಸಾಯುತ್ತದೆ ಎಂದಿದ್ದರೆ ಅಳುತ್ತಿದ್ದ, ಮರೆಯುತ್ತಿದ್ದ. ಸಾಯುವುದಿಲ್ಲವಂತೆ. ಗವಿಸಿದ್ಧನ ಗಾಳಿಗೆ ತಿರುಗುತ್ತದಂತೆ, ಅದೇ ವೇಗದಲ್ಲಿ, ಅದೇ ಸದ್ದಿನಲ್ಲಿ. ಉಗಿಯ ನೆನಪೂ ಇಲ್ಲದೆ.

ಸಭೆ ಮುಗಿದ ಮೇಲೆ ಗವಿಸಿದ್ಧ ಪಕ್ಕಕ್ಕೆ ಬಂದ. “ಅಣ್ಣಾ, ಇಲ್ಲಿ ಮಷಿನ್ ಕಡೆ ಒಬ್ಬರು ಬೇಕು. ನಿನ್ನ ಹೆಸರು ಹೇಳೀನಿ.”

“ನಿನ್ನ ಕೈಕೆಳಗೇನು?”

“ಕೈಕೆಳಗೇನು ಬಂತಪಾ ಅದರಾಗ. ಮಷಿನ್ ನಿಂದೈತಿ.”

“ನಂದಿದ್ರ ನೀ ಯಾಕ ಕೊಡಾಕತ್ತಿ?”

ಗವಿಸಿದ್ಧ ತಲೆ ಕೆರೆದುಕೊಂಡು ನಿಂತ. ಅವನಿಗೆ ಮೊದಲಿನಿಂದಲೂ ಹೀಗೆ. ಬೈದರೆ ತಲೆ ಕೆರೆದುಕೊಳ್ಳುತ್ತಾನೆ. ಸಾಲೆ ಬಿಟ್ಟ ದಿನವೂ ಹಾಗೇ ಕೆರೆದುಕೊಂಡಿದ್ದ.

ಆರಿಸುವ ದಿನ ಥರ್ಮಲ್‌ನ ಅಂಗಳದಲ್ಲಿ ಪೆಂಡಾಲು ಎದ್ದಿತು. ನಿವೃತ್ತರನ್ನೆಲ್ಲ ಕರೆದಿದ್ದರು, ಅಮರಪ್ಪ ರುಮಾಲು ಸುತ್ತಿ ಮುಂದಿನ ಸಾಲಿನಲ್ಲಿ ಕೂತಿದ್ದ. ನಿಯಂತ್ರಣ ಕೋಣೆಯಲ್ಲಿ ಕೆಂಪು ಗುಂಡಿಗೆ ಮಲ್ಲಿಗೆ ಹಾರ ಹಾಕಿದ್ದರು. ಅದನ್ನು ಒತ್ತಿದರೆ ಉಗಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಯಾರು ಒತ್ತುವುದು ಎಂದು ಆ ಕಡೆ ಈ ಕಡೆ ನೋಡಿದರು. ತಾಯಪ್ಪ ಗುಂಡಿಯಿಂದ ಕೈಯಳತೆ ದೂರದಲ್ಲಿದ್ದ. ಒರೆಸಿ ಒರೆಸಿ ಅದರ ಬಣ್ಣ ಮಾಸಿಸಿದವನೇ ಅವನು.

“ಗವಿಸಿದ್ಧ ಅವರೇ ಒತ್ತಲಿ,” ಎಂದರು ಯಾರೋ ದೊಡ್ಡವರು. “ಇಲ್ಲಿ ಬೂದಿ ಬಳಿದವರು, ಈಗ ಗಾಳಿ ಆಳೋರು. ಚೆನ್ನಾಗಿರುತ್ತೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಗವಿಸಿದ್ಧ ಒಮ್ಮೆ ತಾಯಪ್ಪನತ್ತ ನೋಡಿದ. ತಾಯಪ್ಪ ಮುಖ ತಿರುಗಿಸಿದ. ಗವಿಸಿದ್ಧ ಒತ್ತಿದ.

ನೆಲದಡಿಯಿಂದ ಬರುತ್ತಿದ್ದ ಗುಂಯ್ ಸದ್ದು ಮೆಲ್ಲಗೆ ಇಳಿಯತೊಡಗಿತು. ಹುಟ್ಟಿದಾಗಿನಿಂದ ಆ ಸದ್ದನ್ನು ಕೇಳಿದವರಿಗೆ ಅದು ಇತ್ತೆಂದು ತಿಳಿದದ್ದೇ ಆಗ. ಪೆಂಡಾಲಿನಲ್ಲಿ ಕೂತ ಅಮರಪ್ಪನೂ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡನಂತೆ. ಶಾಫ್ಟು ತನ್ನ ವೇಗವನ್ನೆಲ್ಲ ಕಳೆದುಕೊಂಡು ಇನ್ನೇನು ನಿಲ್ಲಬೇಕು ಎನ್ನುವಾಗ ಬಾರಿಂಗ್ ಗೇರು ಕಚ್ಚಿಕೊಂಡಿತು. ಅದು ಒಂದು ಪುಟ್ಟ ಮೋಟರು. ಬಿಸಿ ಶಾಫ್ಟನ್ನು ಮೆಲ್ಲಗೆ, ತೊಟ್ಟಿಲು ತೂಗಿದಂತೆ, ತಣ್ಣಗಾಗುವವರೆಗೆ ತಿರುಗಿಸುತ್ತಲೇ ಇರುವುದು ಅದರ ಕೆಲಸ. ಬಿಸಿ ಶಾಫ್ಟು ನಿಂತುಬಿಟ್ಟರೆ ಶಾಖ ಮೇಲಕ್ಕೇರುತ್ತದೆ. ಬೆನ್ನು ಬಿಸಿ, ಹೊಟ್ಟೆ ತಂಪು. ಉಕ್ಕಿನ ದೂಲ ಬಿಲ್ಲಿನಂತೆ ಬಾಗುತ್ತದೆ. ಬಾಗಿದ್ದು ಗಟ್ಟಿಯಾದರೆ ಮತ್ತೆಂದೂ ಜೋರಾಗಿ ತಿರುಗಿಸುವ ಹಾಗಿಲ್ಲ. ಇದು ಥರ್ಮಲ್‌ನಲ್ಲಿ ಕಸ ಗುಡಿಸುವವರಿಗೂ ಗೊತ್ತಿತ್ತು.

“ತಾಯಪ್ಪ ಇಲ್ಲಿರ್ತಾರೆ, ಚಿಂತೆ ಇಲ್ಲ,” ಎಂದು ಹೇಳಿ ಎಲ್ಲರೂ ಊಟಕ್ಕೆ ನಡೆದರು. ನಿಯಂತ್ರಣ ಕೋಣೆಯೂ ಖಾಲಿಯಾಯಿತು. ಊಟಕ್ಕೆ ಬಾ ಎಂದು ಅವನನ್ನು ಯಾರೂ ಕರೆಯಲಿಲ್ಲ. ಕಾಯುವವನನ್ನು ಕರೆಯುವುದು ಹೇಗೆ, ಅದೂ ನಿಜವೇ.

ಟರ್ಬೈನ್ ಹಾಲ್‌ನಲ್ಲಿ ತಾಯಪ್ಪ, ಶಾಫ್ಟು, ಇಬ್ಬರೇ. ಹೊರಗಿನಿಂದ ಪೆಂಡಾಲಿನ ಮೈಕು ಕೇಳುತ್ತಿತ್ತು. ಅದರಲ್ಲಿ ಗವಿಸಿದ್ಧನ ಹೆಸರು ಬಂತು. ಮತ್ತೆ ಬಂತು. ಆಮೇಲೆ ಮಾವನ ದನಿ, ಮೈಕಿಗೆ ತೀರ ಹತ್ತಿರ ಬಾಯಿಟ್ಟು: “ನನ್ನ ಸಣ್ಣ ಅಳಿಯ...”

ತಾಯಪ್ಪ ಎದ್ದು ಬಾರಿಂಗ್ ಗೇರಿನ ಗುಂಡಿ ಒತ್ತಿದ. ಮೋಟರು ನಿಂತಿತು. ಶಾಫ್ಟು ನಿಂತಿತು. ಎಚ್ಚರಿಕೆಯ ಗಂಟೆ ಕೂಗಿತು. ಅದನ್ನೂ ಬಾಯಿ ಮುಚ್ಚಿಸಿದ.

ಒಂದು ಊಟದ ಹೊತ್ತು ಸಾಕು. ಸಿಹಿ, ಅನ್ನ, ಸಾರು, ಮಜ್ಜಿಗೆ ಮುಗಿಯುವುದರೊಳಗೆ ಶಾಫ್ಟು ಬಾಗಿ ಯಾರಿಗೂ ಬೇಡವಾಗುತ್ತದೆ. ನನ್ನದಾಗದಿದ್ದರೆ ಅವನದೂ ಆಗುವುದಿಲ್ಲ. ಕಬ್ಬಿಣದ ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡ.

ಆ ಹಾಲ್ ಅಷ್ಟು ಸುಮ್ಮನಿದ್ದುದನ್ನು ಅವನು ಎಂದೂ ಕಂಡಿರಲಿಲ್ಲ. ಮೇಲಿನ ತಗಡಿನ ಮೇಲೆ ಪಾರಿವಾಳ ನಡೆದದ್ದೂ ಕೇಳುತ್ತಿತ್ತು. ಕವಚದೊಳಗೆ ಉಕ್ಕು ಟಿಣ್ ಎಂದಿತು, ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್. ತಣ್ಣಗಾಗುವ ಸದ್ದು. ಅವನು ಸ್ಕ್ರೂಡ್ರೈವರು ತೆಗೆದು ಬೇರಿಂಗಿಗೆ ಇಟ್ಟು ಕಿವಿ ಒತ್ತಿದ. ಏನೂ ಇಲ್ಲ. ಉಸಿರು ಹಿಡಿದು ಕೂತ ಮನುಷ್ಯನ ಎದೆಗೆ ಕಿವಿ ಇಟ್ಟಂತಿತ್ತು. ಹೆದರಿಕೆಯಾಯಿತು. ಅವನಿಗೆ ಗೊತ್ತಿಲ್ಲದೆಯೇ ಬಲಗೈ ಚಾಲೂ ಗುಂಡಿಯ ಕಡೆ ಹೋಯಿತು.

ಅಷ್ಟರಲ್ಲಿ ಫೋನು. ಹುಲಿಗೆಮ್ಮ.

“ಏನ್ರೀ, ದೀಪ ಕೆಂಪಾಗೈತಿ. ಗಿರಣ್ಯಾಗ ಅರ್ಧ ಹಿಟ್ಟು ಸಿಕ್ಕೊಂಡೈತಿ, ಇಲ್ಲೇ ಕುಂತೀವಿ ಹೆಣ್ಮಕ್ಕಳು ಎಲ್ಲಾರೂ.”

“ನಾ ಏನ್ ಮಾಡ್ಲಿ?”

“ನೀವ್ ಏನ್ ಮಾಡ್ತೀರಿ, ಪಾಪ. ಗವಿಸಿದ್ಧಪ್ಪ ಅಲ್ಲೇ ಇದ್ರ ಒಂದ್ ಮಾತು ಕೇಳಿ ಹೇಳ್ರಿ, ಯಾವಾಗ ಹಸಿರಾಗ್ತೈತಂತ.”

ಹಿಂದಿನಿಂದ ಯಾರೋ ಹೆಂಗಸು, “ತಾಯಪ್ಪನ ಕೇಳಿದ್ರ ಏನ್ ತಿಳೀತೈತಿ, ಅವ ಬೂದ್ಯಾಂವ,” ಎಂದು ನಕ್ಕಳು. ಹುಲಿಗೆಮ್ಮ “ಸುಮ್ನಿರವ್ವಾ” ಎಂದಳು, ನಗುತ್ತಲೇ.

ತಾಯಪ್ಪ ಫೋನು ಕಿಸೆಗೆ ಹಾಕಿ, ಸ್ಕ್ರೂಡ್ರೈವರನ್ನು ಗೋಡೆಗೆ ತೂಗುಹಾಕಿದ. ಕುರ್ಚಿಗೆ ಮರಳಿ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಕೂತ.

ಊಟ ಮುಗಿಸಿ ಮೊದಲು ಬಂದವನು ಗವಿಸಿದ್ಧ. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಊಟ. “ಅಣ್ಣಾ, ನಿಂಗಂತ ತೆಗೆದಿಟ್ಟೆ...” ಎನ್ನುತ್ತಾ ಮೆಟ್ಟಿಲು ಹತ್ತಿದವನು ಅರ್ಧಕ್ಕೆ ನಿಂತ. ಸದ್ದಿಲ್ಲದ್ದನ್ನು ಅವನ ಕಿವಿಯೂ ಕೇಳಿತು. ಎಲೆಯನ್ನು ಕಟ್ಟೆಯ ಮೇಲಿಟ್ಟು, ಗೋಡೆಯಿಂದ ಸ್ಕ್ರೂಡ್ರೈವರು ತೆಗೆದು ಬೇರಿಂಗಿಗೆ ಒತ್ತಿ ಕಣ್ಣು ಮುಚ್ಚಿದ. ಕತ್ತು ಎಡಕ್ಕೆ ವಾಲಿಸುವುದು, ಬಾಯಿ ಸ್ವಲ್ಪ ತೆರೆಯುವುದು, ಎಲ್ಲ ತಾಯಪ್ಪ ಕಲಿಸಿದ ರೀತಿಯೇ. ಕಣ್ಣು ಬಿಟ್ಟು ತಾಯಪ್ಪನನ್ನು ನೋಡಿದ. ಚಾಲೂ ಗುಂಡಿ ಒತ್ತಿದ.

ಒಳಗೆ ಕರ್‌ರ್ ಎಂದು ಉಕ್ಕಿಗೆ ಉಕ್ಕು ಉಜ್ಜಿತು. ಮೋಟರು ಮುಲುಗಿ ಆಫ್ ಆಯಿತು.

ಆ ಸದ್ದಿಗೆ ವಾರಿಜಾ ಮೇಡಂ, ಅವರ ಹಿಂದೆ ಎಂಜಿನಿಯರುಗಳು, ಅವರ ಹಿಂದೆ ಅಮರಪ್ಪ ಮತ್ತು ನಾಲ್ಕು ಜನ ಹಳಬರು ಮೆಟ್ಟಿಲು ಹತ್ತಿ ಬಂದರು. ಮೇಡಂ ಫಲಕ ನೋಡಿದರು.

“ನಿಂತಿದೆ. ಯಾರು ನಿಲ್ಲಿಸಿದ್ದು?”

ತಾಯಪ್ಪ ಬಾಯಿ ತೆರೆದ. ನಾನೇ ಎನ್ನಲು ಸಿದ್ಧವಾಗಿತ್ತು ನಾಲಿಗೆ; ಹೇಳಿ, ಎಲ್ಲರ ಮುಖದ ಮೇಲೆ ಉಗುಳಿದಂತೆ ಹೇಳಿ, ಹೊರಟುಬಿಡುವ ಆಸೆ. ಅದಕ್ಕಿಂತ ಮೊದಲು ಗವಿಸಿದ್ಧ ಹೇಳಿದ.

“ನಾನ್ರೀ ಮೇಡಂ. ಊಟಕ್ಕ ಹೋಗೂ ಮುಂದ ಬೇರಿಂಗ್ ಸಪ್ಪಳ ಕೇಳಾಕಂತ ನಿಲ್ಲಿಸಿದ್ದೆ. ಹೊಳ್ಳಿ ಹಚ್ಚೂದು ಮರತೆ.”

ಮೇಡಂ ಮುಖ ಕೆಂಪಾಯಿತು. “ಮರೆತ್ರಾ? ಇಡೀ ಸೀಮೆಯ ಬೇಸಿಗೆ ಇದರ ಮೇಲೆ ನಿಂತಿದೆ, ನೀವು ಹೋಳಿಗೆ ತಿನ್ನೋಕೆ ಮರೆತು ಹೋದ್ರಿ. ಒಂಬತ್ತನೇ ಕ್ಲಾಸಿನವರ ಕೈಗೆ ಇಂಥದ್ದನ್ನ ಕೊಟ್ಟಿದ್ದು ನನ್ನ ತಪ್ಪು.”

ಗವಿಸಿದ್ಧ ತಲೆ ಕೆರೆದುಕೊಂಡ. ಅಮರಪ್ಪ ಸಣ್ಣ ಅಳಿಯನಿಂದ ಎರಡು ಹೆಜ್ಜೆ ದೂರ ಸರಿದು ನಿಂತ. ಅದನ್ನು ತಾಯಪ್ಪ ನೋಡಿದ.

ಅವನು ಬೇಡಿಕೊಂಡದ್ದೆಲ್ಲ ಅಲ್ಲಿ ನಡೆಯುತ್ತಿತ್ತು. ನಾಲ್ಕು ಜನರ ಮುಂದೆ ಗವಿಸಿದ್ಧ ತಲೆ ತಗ್ಗಿಸಿದ್ದ. ಮಾವ ಮುಖ ತಿರುಗಿಸಿದ್ದ. ಸಿಹಿಯಾಗಬೇಕಿತ್ತು. ಒಂಬತ್ತನೇ ಕ್ಲಾಸು ಎಂದ ಮಾತು ಮಾತ್ರ ಎಲ್ಲಿಂದಲೋ ತಿರುಗಿ ಬಂದು ಅವನ ಕಪಾಳಕ್ಕೇ ಬಡಿಯಿತು, ಮಾಸ್ತರನ ಕೈ ಬಡಿದ ಅದೇ ಜಾಗಕ್ಕೆ. ಆ ದಿನವೂ ಇವನು ಹೀಗೇ, ಯಾರೂ ಹೊಡೆಯದಿದ್ದರೂ ಎದ್ದು ಬಂದಿದ್ದ. ಎಲೆ ಬಿಟ್ಟುಕೊಡುವುದರಲ್ಲೂ ಅವನೇ ಮುಂದೆ. ಸುಳ್ಳು ಹೇಳುವುದರಲ್ಲೂ ಅವನೇ ಮುಂದೆ. ಥೂ, ಇವನನ್ನು ಯಾವುದರಲ್ಲಿ ಹಿಂದೆ ಹಾಕುವುದು?

“ಅರ್ಧ ಸುತ್ತು ತಿರುಗಿಸಬೇಕು,” ಎಂದರು ಮೇಡಂ ಉಸಿರು ತಂದುಕೊಂಡು. “ಬಿಸಿ ಬೆನ್ನು ಕೆಳಗಾಗೋ ಹಾಗೆ. ಅಲ್ಲಿ ನಿಲ್ಲಿಸಿ ಕಾದರೆ ತಾನೇ ನೇರ ಆಗುತ್ತೆ, ಇನ್ನೂ ಗಟ್ಟಿಯಾಗಿಲ್ಲದಿದ್ರೆ. ಮೋಟರು ಎತ್ತಲ್ಲ. ಕೈಯಲ್ಲೇ ತಿರುಗಿಸಬೇಕು, ಎಲ್ಲೂ ಎಳೆದಾಡದೆ.”

ಶಾಫ್ಟು ತಿರುಗಿಸಲೆಂದು ಗೋಡೆಗೆ ಒರಗಿಸಿದ್ದ ಉದ್ದನೆಯ ಕಬ್ಬಿಣದ ಹಿಡಿಯ ಕಡೆ ಗವಿಸಿದ್ಧ ನಡೆದ. ಎತ್ತಿಕೊಂಡ. ಸರಿಯಾಗಿ, ನಡುವಿಗಿಂತ ಒಂದು ಗೇಣು ಕೆಳಗೆ ಹಿಡಿದು.

ಮೇಡಂ ಆಗ ತಾಯಪ್ಪನತ್ತ ತಿರುಗಿದರು. ಅವನ ಮುಖದಲ್ಲಿ ಏನು ಕಂಡರೋ.

“ತಾಯಪ್ಪ, ನೀವು ಇಲ್ಲೇ ಇದ್ರಲ್ಲ. ಇವರು ಹೇಳ್ತಿರೋದು ನಿಜಾನಾ?”

ಎಲ್ಲರೂ ಅವನನ್ನು ನೋಡಿದರು. ಗವಿಸಿದ್ಧ ಹಿಡಿ ಹಿಡಿದುಕೊಂಡು ಕಣ್ಣಲ್ಲೇ ಹೂಂ ಅನ್ನು ಎಂದ. ಆ ಕಣ್ಣಿನಲ್ಲಿ ಕರುಣೆ ಇರಲಿಲ್ಲ, ದಾನವೂ ಇರಲಿಲ್ಲ. ಹಾರುಬೂದಿ ಬಳಿಯುವಾಗ ಗುತ್ತಿಗೆಯವ ಬಂದರೆ ಒಬ್ಬರಿಗೊಬ್ಬರು ಮಾಡುತ್ತಿದ್ದ ಅದೇ ಸನ್ನೆ. ಅದನ್ನು ನೋಡಿದ್ದೇ ತಾಯಪ್ಪನ ಮೈಯೆಲ್ಲ ಉರಿಯಿತು. ಕವಚದೊಳಗೆ ಮತ್ತೆ ಟಿಣ್ ಎಂದಿತು. ಇನ್ನು ಸ್ವಲ್ಪ ಹೊತ್ತಿಗೆ ಆ ಕೈಗಳು ಶಾಫ್ಟನ್ನು ಮುಟ್ಟುತ್ತವೆ, ಮೆಲ್ಲಗೆ ಅರ್ಧ ಸುತ್ತು ತಿರುಗಿಸುತ್ತವೆ. ತಾನು ಬಗ್ಗಿಸಿದ್ದನ್ನು ಅವನು ನೆಟ್ಟಗೆ ಮಾಡುತ್ತಾನೆ.

ಅದೊಂದನ್ನು ಮಾತ್ರ ಬಿಟ್ಟುಕೊಡಲು ಅವನಿಂದಾಗಲಿಲ್ಲ.

ಕುರ್ಚಿಯಿಂದ ಎದ್ದ. ಕೈ ಮರಗಟ್ಟಿತ್ತು, ಒಮ್ಮೆ ಒದರಿದ. ಗವಿಸಿದ್ಧನ ಎದುರು ಹೋಗಿ ನಿಂತು ಹಿಡಿಯನ್ನು ಅವನ ಕೈಯಿಂದ ಕಿತ್ತುಕೊಂಡ. ಗವಿಸಿದ್ಧ ಬಿಡಲಿಲ್ಲ, ಆಮೇಲೆ ಬಿಟ್ಟ.

“ತಾಯಪ್ಪ, ನಿಮ್ಮನ್ನೇ ಕೇಳಿದ್ದು. ನಿಲ್ಲಿಸಿದ್ದು ಇವರೇನಾ?”

ಹಿಡಿಯನ್ನು ಹೆಗಲಿಗೇರಿಸಿಕೊಂಡು ಅವನು ಅವರೆಲ್ಲರ ನಡುವಿನಿಂದ ಹಾದು, ಕಟ್ಟೆಯ ಮೇಲೆ ಬಿಚ್ಚದೆ ಇದ್ದ ಎಲೆಯ ಪೊಟ್ಟಣವನ್ನು ದಾಟಿ, ಶಾಫ್ಟಿನ ಆ ತುದಿಯತ್ತ ನಡೆದುಹೋದ.